ಅಕ್ಕನ ಕಂಪ್ಯೂಟರಿಗೊಂದು ಚಾರ್ಜರ್

ಹಳೆಯ ಸೀರೆಯ ಚೂರು ಹಿಡಿದು ಬಂದು, ಇದೇ ಬಣ್ಣದ ಕುಪ್ಪಸದ ಬಟ್ಟೆ ಬೇಕೆಂದು ಹಟ ಮಾಡುವ ಗಿರಾಕಿಗಳನ್ನು ಕಂಡು ನಾನು ಒಳಗೊಳಗೇ ನಕ್ಕಿದ್ದೇನೆ. ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿಯಿದೆ. ಈ ಬೇಸಿಗೆಯಲ್ಲಿ ಆ ಪಾಪವೆಲ್ಲ ನನಗೇ ತಿರುಗಿ ಬಂತು. ಸುಟ್ಟ ಚಾರ್ಜರ್ ಒಂದನ್ನು ಚೀಲದಲ್ಲಿಟ್ಟುಕೊಂಡು, ಇಂಥದ್ದೇ ಬೇಕು ಎನ್ನುತ್ತ ಅಂಗಡಿ ಅಂಗಡಿ ಅಲೆದೆ.

ಅದು ಅಕ್ಕಲಕೋಟೆಯಲ್ಲಿರುವ ನನ್ನ ಅಕ್ಕ ಶಾಂತಕ್ಕನ ಲ್ಯಾಪ್‌ಟಾಪಿನದು. ಯಂತ್ರಕ್ಕೆ ಇಪ್ಪತ್ತು ವರ್ಷ ದಾಟಿದೆ. ತೂಕದಲ್ಲಿ ಬೀಸುಕಲ್ಲಿಗಿಂತ ಸ್ವಲ್ಪ ಕಡಿಮೆ. ಹನ್ನೂರಿನ ಅವಳ ಅತ್ತೆ ಹಾಡುತ್ತಿದ್ದ ಬೀಸುವ ಹಾಡುಗಳನ್ನು ಅಕ್ಕ ಎದುರಿಗೆ ಕೂತು ಅದರಲ್ಲಿ ಬರೆದುಕೊಂಡಿದ್ದಳು. ಅತ್ತೆ ಈಗಿಲ್ಲ. ಹಾಡುಗಳ ನಕಲೂ ಬೇರೆಲ್ಲೂ ಇಲ್ಲ. ಬ್ಯಾಟರಿ ಎಂದೋ ಸತ್ತಿತ್ತು. ಚಾರ್ಜರೂ ಸುಟ್ಟ ಮೇಲೆ ಹಾಡುಗಳು ಒಳಗೇ ಉಳಿದವು. ಬಿಚ್ಚಿ ತೆಗೆಸೋಣವೆಂದರೆ, ಅದಕ್ಕೆ ಯಾರೂ ಸ್ಕ್ರೂಡ್ರೈವರ್ ಹಚ್ಚಕೂಡದೆಂದು ಅಕ್ಕನ ಕಟ್ಟಪ್ಪಣೆ.

ಯಾವ ಗುಂಡಿಯಾದರೂ ಒಂದಿಷ್ಟು ಹೆಚ್ಚುಕಡಿಮೆಯಲ್ಲಿ ಯಾವ ಅಂಗಿಗಾದರೂ ಹೊಂದುತ್ತದೆ. ಚಾರ್ಜರ್ ಮಾಡುವವರು ಮಾತ್ರ ಒಂದೊಂದು ಯಂತ್ರಕ್ಕೆ ಒಂದೊಂದು ತೂತು ಕೊರೆದಿದ್ದಾರೆ. ದರ್ಜಿಗಳೂ ಹೀಗೆ ಮಾಡಿದ್ದರೆ ನಾವೆಲ್ಲ ಎದೆ ತೆರೆದುಕೊಂಡೇ ತಿರುಗಬೇಕಿತ್ತು. ಒಬ್ಬ ಅಂಗಡಿಕಾರ ನನ್ನ ಕೈಯಲ್ಲಿದ್ದುದನ್ನು ನೋಡಿ, ಇದು ಅಜ್ಜನ ಕಾಲದ್ದು ಎಂದು ಮರಾಠಿಯಲ್ಲಿ ಕನಿಕರಪಟ್ಟ. ಕೊನೆಗೆ ಇನ್ನೊಂದು ಕಡೆ ಸಿಕ್ಕ ಚಾರ್ಜರಿನ ಪಿನ್ನೂ ವೋಲ್ಟೂ ಹಳೆಯದಕ್ಕೆ ತಾಳೆಯಾದವು. ಗೆದ್ದವನಂತೆ ಅಕ್ಕಲಕೋಟೆಯ ಬಸ್ಸು ಹತ್ತಿದೆ.

ಅಕ್ಕನಿಗೆ ನನ್ನ ಮೇಲೆ ಪ್ರೀತಿಯಿದೆ, ನಂಬಿಕೆಯಿಲ್ಲ. ಯಂತ್ರವನ್ನೂ ನನ್ನನ್ನೂ ರೇಡಿಯೊ ರಿಪೇರಿ ಮಾಡುವ ಮೌಲಾಸಾಬರ ಬಳಿ ಕರೆದೊಯ್ದಳು. ಅವರು ಯಂತ್ರವನ್ನು ಮಗುಚಿ, ಬೆನ್ನಿನ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿ, ಹೊಸ ಚಾರ್ಜರಿನ ಮೇಲಿದ್ದುದಕ್ಕೆ ಹೋಲಿಸಿ, ನನ್ನತ್ತ ನೋಡಿದರು.

“ಹಚ್ಚಿಲ್ಲ ಛಲೋ ಆತು ನೋಡ್ರಿ. ಪಿನ್ ಕೂತ್ರ ಆಗಂಗಿಲ್ಲ, ಪ್ಲಸ್ ಮೈನಸ್ ಕೂಡಬೇಕ. ಇದು ಉಲ್ಟಾ ಐತಿ. ಮಶೀನ್ ಸುಟ್ಟೇ ಹೋಗ್ತಿತ್ತು.”

ನಾನು ಸುಟ್ಟ ಚಾರ್ಜರನ್ನೂ ಚೀಲದಿಂದ ತೆಗೆದು ಅವರ ಮುಂದಿಟ್ಟೆ. ಅವರು ಹಳೆಯ ಚಾರ್ಜರಿನ ತಂತಿಯನ್ನು ಪಿನ್ನಿನ ಸಮೇತ ಕತ್ತರಿಸಿ ಹೊಸದಕ್ಕೆ ಬೆಸೆದರು, ಮೀಟರ್ ಹಿಡಿದು ಮೂರು ಸಲ ನೋಡಿದರು, ಆಮೇಲೆ ಗುಂಡಿ ಒತ್ತಲು ಅಕ್ಕನಿಗೇ ಹೇಳಿದರು. ಯಂತ್ರ ಕೆಮ್ಮಿತು, ಗೊರಗುಟ್ಟಿತು, ಬಹಳ ಹೊತ್ತು ಯೋಚಿಸಿ ಬೆಳಗಿತು. ಅಕ್ಕ ಕಣ್ಣೊರೆಸಿಕೊಂಡಳು.

ಮೊದಲು ನಕಲು ಮಾಡಿಕೊಳ್ಳೋಣವೆಂದು ನಾನು ಪೆನ್‌ಡ್ರೈವ್ ಚಾಚಿದೆ. ಅವಳು ಕೇಳಿಸಿಕೊಳ್ಳದೆ ಒಂದು ಹಾಡು ತೆರೆದು, ‘ತವರಮನಿ ನೆರಳ ತಂಪ’ ಎಂಬ ಸಾಲಿನ ಮೇಲೆ ಬೆರಳಿಟ್ಟಳು.

“ಅತ್ತಿಯವರು ‘ಅತ್ತೀಮನಿ’ ಅಂತಿದ್ರು. ಹಂಗ ಯಾರರ ಹಾಡ್ತಾರೇನು ಅಂತ ನಾನೇ ತಿದ್ದಿದ್ದೆ. ಅವರು ಹಾಡಿದ್ದೇ ಖರೆ ಐತಿ.”

ಒಂದೊಂದೇ ಅಕ್ಷರ ಅಳಿಸತೊಡಗಿದಳು. ತವರಿನ ಪರವಾಗಿ ಅಲ್ಲಿದ್ದವನು ನಾನೊಬ್ಬನೇ. ಇಷ್ಟೆಲ್ಲ ಅಲೆದು ತಂದ ಕರೆಂಟಿನಲ್ಲಿ ಅಕ್ಕ ತವರನ್ನು ಅಳಿಸುತ್ತಿದ್ದಳು. ಯಾಕೋ ನನಗೆ ಬೇಸರವಾಗಲಿಲ್ಲ.