ಜೂನ್ ಒಂದರಂದು ಹುಟ್ಟಿದವರು

ವೆಬ್ ಫ್ರೇಮ್‌ವರ್ಕ್ ಎಂಬ ವೆಬ್‌ಸೈಟ್ ಕಟ್ಟುವ ಸಿದ್ಧ ಚೌಕಟ್ಟನ್ನು ಕಲಿತ ಹೊಸದರಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ಚಿಂಚೋಳಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುವ ಕೆಲಸ ನನ್ನದು. ಸೇಡಂ ಕಡೆಯ ನರ್ಸಿಂಗ್ ತರಬೇತಿ ಶಾಲೆಯೊಂದು ಅರ್ಜಿ ತುಂಬಲು ವೆಬ್‌ಸೈಟ್ ಮಾಡಿಕೊಡಿ ಎಂದಿತ್ತು. ಅಲ್ಲಿಯವರೆಗೆ ನಾನು ಪ್ರತಿ ಪುಟದಲ್ಲೂ ಇದು ಖಾಲಿಯೇ, ಅದು ಅಂಕಿಯೇ ಎಂದು ಸಾಲುಗಟ್ಟಲೆ ಕೋಡ್ ಬರೆದು ಬೆರಳು ಸವೆಸಿದವಳು. ಈಗ ನಿಯಮಗಳನ್ನೆಲ್ಲ ಒಂದೇ ಕಡೆ ಬರೆದಿಟ್ಟರಾಯಿತು. ಯಾರೇ ಫಾರ್ಮ್ ಕಳಿಸಲಿ, ಫ್ರೇಮ್‌ವರ್ಕ್ ಅದರ ಒಂದೊಂದು ಮಾಹಿತಿಯನ್ನೂ ತಪಾಸಣೆ ಮಾಡಿ, ಸರಿಯಿದ್ದರಷ್ಟೇ ಒಳಗೆ ಬಿಡುತ್ತಿತ್ತು. ಅಬ್ಬಾ, ಎಂಥ ಖುಷಿ! ಮೊಬೈಲ್ ನಂಬರಿನ ಜಾಗದಲ್ಲಿ ಚಿಮ್ಮನಚೋಡ ಎಂದು ಊರ ಹೆಸರು ಬರೆದು ಒತ್ತಿದೆ. ಕೆಂಪಕ್ಷರದಲ್ಲಿ ಬೈಸಿಕೊಂಡು ಚಪ್ಪಾಳೆ ತಟ್ಟಿದೆ. "ಮೇಡಮ್‌ಗ ಏನೋ ಆಗ್ಯಾದ ನೋಡ್ರಿ," ಎಂದು ಟೈಪಿಂಗ್ ಕಲಿಯಲು ಬಂದವರು ನಕ್ಕರು. ನಗಲಿ ಬಿಡಿ.

ಅದೇ ಹುಮ್ಮಸ್ಸಿನಲ್ಲಿ ಒಂದು ಜಾಣ ನಿಯಮವನ್ನೂ ಸೇರಿಸಿದೆ. ನಮ್ಮ ಕಡೆ ಇಂಟರ್‌ನೆಟ್ ಭಾಳ ನಿಧಾನ. ಜನ ಬಟನ್ನನ್ನು ಐದಾರು ಸಲ ಒತ್ತುತ್ತಿದ್ದರು, ಒಬ್ಬರ ಅರ್ಜಿಯೇ ಐದಾರು ಸಲ ಬರುತ್ತಿತ್ತು. ಹಾಗಾಗಿ ತಂದೆಯ ಹೆಸರು, ಊರು, ಹುಟ್ಟಿದ ದಿನ ಮೂರೂ ಒಂದೇ ಆಗಿದ್ದರೆ ಎರಡನೆಯ ಅರ್ಜಿಯನ್ನು ತಡೆ ಎಂದು ಬರೆದೆ. ತಮ್ಮ ಹೆಸರನ್ನು ಜನ ಒಮ್ಮೆ ಇನಿಷಿಯಲ್ ಸೇರಿಸಿ, ಒಮ್ಮೆ ಬಿಟ್ಟು ಬರೆಯುತ್ತಿದ್ದುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅವಳಿಗಳು ಬಂದರೆ ಆಗ ನೋಡಿಕೊಂಡರಾಯಿತು ಎಂದುಕೊಂಡೆ.

ಕೊನೆಯ ದಿನ ಬಂತು. ಸಂಜೆ ಐದಕ್ಕೆ ಅರ್ಜಿ ಬಂದ್. ನಾಲ್ಕೂವರೆಗೆ ಕೊಡ್ಲಿಯಿಂದ ಅಕ್ಕ ತಂಗಿ ಇಬ್ಬರು ಬಸ್ ಇಳಿದು ಓಡೋಡಿ ಬಂದರು. ಅಕ್ಕನ ಅರ್ಜಿ ಸರ್ರನೆ ಹೋಯಿತು. ತಂಗಿಯದು ಹೋಗಲಿಲ್ಲ. ನೀವು ಈಗಾಗಲೇ ಅರ್ಜಿ ಹಾಕಿದ್ದೀರಿ ಎಂದು ಪರದೆ ಹೇಳಿತು.

"ಇಬ್ಬರೂ ಒಂದೇ ಹುಟ್ಟಿದ ದಿನ ಬರದೀರಲ್ಲ! ಸರಿಯಾಗಿ ನೋಡಿ ಬರೀರಿ," ಎಂದು ರೇಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅಕ್ಕ ಎರಡೂ ಅಂಕಪಟ್ಟಿ ಮುಂದಿಟ್ಟಳು. ಎರಡರಲ್ಲೂ ಜೂನ್ ಒಂದು, ವರ್ಷವೂ ಒಂದೇ.

"ನಾ ಒಂದೂವರಿ ವರ್ಷ ದೊಡ್ಡಾಕಿ ಅದೀನ್ರಿ. ನಮ್ಮಪ್ಪ ಇಬ್ಬರನ್ನೂ ಒಂದೇ ದಿನ ಸಾಲಿಗಿ ಹಾಕ್ಯಾನ. ಮಾಸ್ತರು ಇಬ್ಬರಿಗೂ ಜೂನ್ ಒಂದು ಬರದುಬಿಟ್ಟಾರ."

ಥೂ ನನ್ನ ಜಾಣತನಕ್ಕಿಷ್ಟು! ನಮ್ಮ ಕಡೆ ಮಕ್ಕಳು ಹುಟ್ಟಿದ ದಿನವನ್ನು ಯಾರು ಬರೆದಿಟ್ಟಿದ್ದರು? ಶಾಲೆ ಶುರುವಾಗುವ ದಿನವನ್ನೇ ಮಾಸ್ತರರು ಅರ್ಧ ತಾಲ್ಲೂಕಿಗೆ ಹಂಚಿದ್ದರು. ಶಹಾಬಾದಿನಲ್ಲಿ ಓದಿದ ನನ್ನ ಅಂಕಪಟ್ಟಿಯಲ್ಲೂ ಅದೇ ಇದೆ! ಇಷ್ಟಿದ್ದೂ ನನಗೆ ಹೊಳೆದಿರಲಿಲ್ಲ.

"ಜೂನ್ ಎರಡು ಅಂತ ಹಾಕ್ಲೇನ್ರಿ?" ಎಂದಳು ತಂಗಿ.

"ಬ್ಯಾಡವ್ವ. ಅಂಕಪಟ್ಟಿಗಿ ತಾಳೆ ಆಗಲಿಲ್ಲಂದ್ರ ಸೀಟೇ ಹೋಗ್ತದ," ಎಂದೆ.

ಗಂಟೆ ಐದಕ್ಕೆ ಕಾಲು ಕಮ್ಮಿ. ಆಗ ಅಕ್ಕ ತಣ್ಣಗೆ ಹೇಳಿದಳು: "ಹಂಗಾದ್ರ ನಂದು ತೆಗದುಬಿಡ್ರಿ ಮೇಡಮ್. ಆಕಿದು ಹಾಕ್ರಿ. ಆಕಿ ನನಗಿಂತ ಶಾಣ್ಯಾ ಅದಾಳ."

ಎಲ್ಲಿಲ್ಲದ ಸಿಟ್ಟು ಬಂತು, ನನ್ನ ಮೇಲೆಯೇ. "ಸುಮ್ನ ಕುಂದ್ರವ್ವ!" ಎಂದು ನಿಯಮಗಳ ಫೈಲ್ ತೆರೆದೆ. ನನ್ನ ಜಾಣ ಸಾಲನ್ನು ಅಳಿಸಿ, ಹತ್ತನೆಯ ತರಗತಿಯ ರಿಜಿಸ್ಟರ್ ನಂಬರ್ ಎರಡು ಸಲ ಬಂದರೆ ಮಾತ್ರ ತಡೆ ಎಂದು ಬರೆದೆ. ಅದು ಒಬ್ಬರದು ಇನ್ನೊಬ್ಬರಿಗೆ ಇರುವುದಿಲ್ಲ. ಫೈಲ್ ಸರ್ವರಿಗೆ ಏರುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಕರೆಂಟ್ ಹೋಗದಿರಲಪ್ಪಾ ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡೆ. ಐದಕ್ಕೆ ಮೂರು ನಿಮಿಷ ಉಳಿದಿತ್ತು.

"ಈಗ ಒತ್ತವ್ವ!"

ತಂಗಿ ಒತ್ತಿದಳು. ಪುಟ ಬೆಳ್ಳಗಾಗಿ ನಿಂತಿತು. ನಿಂತೇ ಇತ್ತು. ಆಮೇಲೆ ಹಸಿರು ಅಕ್ಷರದಲ್ಲಿ ಅರ್ಜಿ ಸಂಖ್ಯೆ ಮೂಡಿತು. "ಹೋತು! ಹೋತು!" ಎಂದು ನಾನು ಕುರ್ಚಿ ಬಿಟ್ಟು ಕುಣಿದೇಬಿಟ್ಟೆ. ಟೈಪಿಂಗಿನವರೆಲ್ಲ ಓಡಿ ಬಂದು ಚಪ್ಪಾಳೆ ತಟ್ಟಿದರು.

ತಂಗಿ ಪರದೆಯತ್ತ ನೋಡಲೇ ಇಲ್ಲ. ಅಕ್ಕನ ಬೆನ್ನಿಗೆ ಧಪ್ಪನೆ ಗುದ್ದಿದಳು.

"ನಂದು ತೆಗೀರಿ ಅಂತೀ? ನೀ ಇರಲಾರದ ಸಾಲಿಗಿ ನಾ ಯಾವಾಗ ಹೋಗೀನಿ?" ಎಂದು ಗೊಳೋ ಎಂದು ಅತ್ತಳು.