ಯಾವ ಹೊಟ್ಟೆ?

ಹೆಣ್ಣುಮಕ್ಕಳ ಹೈಸ್ಕೂಲಿನ ಹೊಲಿಗೆ ಟೀಚರಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಆದರೆ ಸಂಬಳದ ದಿನ ಬಿಟ್ಟರೆ ಮಿಕ್ಕ ದಿನಗಳಲ್ಲಿ ಆ ಹೆಸರಿನಿಂದ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಮಕ್ಕಳ ಬಾಯಲ್ಲಿ ಅವರು 'ಟಿಚ್ ಟೀಚರ್'. ಹೆಸರು ಬಂದದ್ದು ಅವರ ಏಪ್ರನ್ನಿನಿಂದ. ದಪ್ಪ ಖಾಕಿ ಬಟ್ಟೆಯ ಆ ಏಪ್ರನ್ನಿನ ಮೇಲೆ ಹೆಣ್ಣಿನ ಒಡಲೊಳಗಿನ ಅಂಗಗಳೆಲ್ಲ ಬಟ್ಟೆಯಲ್ಲೇ ತಯಾರಾಗಿ, ಟಿಚ್ ಬಟನ್ನುಗಳ ಮೇಲೆ ಕೂತಿದ್ದವು. ಜಠರ ಹಳದಿ ಫ್ಲಾನಲ್ಲಿನದು, ಮೂತ್ರಚೀಲ ನೀಲಿ ಅಸ್ತರು ಬಟ್ಟೆಯದು, ಗರ್ಭಕೋಶ ಹಳೆಯ ಪರದೆಯಿಂದ ಕತ್ತರಿಸಿದ ಕೆಂಪು ಮಖಮಲ್ಲಿನದು. ಅದರ ಎರಡೂ ಪಕ್ಕಕ್ಕೆ ಪೈಪಿಂಗ್ ದಾರದ ನಾಳಗಳು, ನಾಳಗಳ ತುದಿಗೆ ಕೋಟಿನ ಗುಂಡಿಯಷ್ಟು ದೊಡ್ಡ ಅಂಡಾಶಯಗಳು. ಟೀಚರು ಅದನ್ನು ಕಟ್ಟಿಕೊಂಡು ತರಗತಿಯ ಮುಂದೆ ನಿಂತು, ಒಂದೊಂದೇ ಅಂಗವನ್ನು ಟಿಚ್ ಎಂದು ಕಿತ್ತು ಮಕ್ಕಳ ಕೈಗೆ ಕೊಡುತ್ತಿದ್ದರು. "ಹಿಡ್ಕೊಳ್ರೇ, ಕಚ್ಚಲ್ಲ" ಎನ್ನುತ್ತಿದ್ದರು.

ಹೊಲಿಗೆಗೂ ಗರ್ಭಕೋಶಕ್ಕೂ ಎಲ್ಲಿಯ ನಂಟು ಎಂದು ಯಾರಾದರೂ ಕೇಳಬಹುದು. ವಿಜ್ಞಾನದ ಟೀಚರು ಆ ಪಾಠ ಬಂದಾಗಲೆಲ್ಲ "ಇದನ್ನ ಮನೇಲಿ ಓದ್ಕೊಳ್ಳಿ" ಎಂದು ನಾಲ್ಕು ಪುಟ ಒಟ್ಟಿಗೆ ಮಗುಚಿಬಿಡುತ್ತಿದ್ದರು. ಮನೆಯಲ್ಲಿ ಯಾರೂ ಓದಿಸುತ್ತಿರಲಿಲ್ಲ. ಹೀಗಿರುವಾಗ ಒಂದು ಮಧ್ಯಾಹ್ನ ಹೊಲಿಗೆ ಕೋಣೆಯಲ್ಲಿ ಮಷೀನು ತುಳಿಯುತ್ತಿದ್ದ ಹುಡುಗಿಯೊಬ್ಬಳು ಬೆಂಚಿನ ಮೇಲೆ ರಕ್ತ ಕಂಡು, ಸೂಜಿ ಎಲ್ಲೋ ಚುಚ್ಚಿದೆ, ತಾನಿನ್ನು ಉಳಿಯುವುದಿಲ್ಲ ಎಂದು ಕಿರುಚಿಕೊಂಡಳು. ಗೆಳತಿಯರು ಓಡಿ ಬಂದು, ಏನೂ ಆಗದ ಅವಳ ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿ ಬಿಗಿಯಾಗಿ ಗಂಟು ಹಾಕಿದರು. ಟೀಚರಿಗೆ ಮೊದಲು ನಗು ಬಂತು, ಆಮೇಲೆ ಕೆಂಡದಂಥ ಸಿಟ್ಟು ಬಂತು. ಹದಿಮೂರು ವರ್ಷದ ಹುಡುಗಿಯರಿಗೆ ಅಂಗಿಯ ಕಂಕುಳಿನ ಅಳತೆ ಕಲಿಸಿದ್ದೇವೆ, ಅಂಗಿಯೊಳಗಿನ ಮೈಯ ವಿಷಯ ಒಂದಕ್ಷರ ಕಲಿಸಿಲ್ಲವಲ್ಲ ಎಂದು ಆ ವಾರವೇ ಕೂತು ಏಪ್ರನ್ ಹೊಲಿದರು. ಓದಬೇಕಾದದ್ದನ್ನು ಓದಿದರು, ತಿಳಿಯದ್ದನ್ನು ಆಸ್ಪತ್ರೆಯ ನರ್ಸುಗಳ ಬೆನ್ನು ಹತ್ತಿ ಕೇಳಿದರು. ಮನೆಯಲ್ಲಿ ಗಂಡ, "ಊಟದ ಮೇಜಿನ ಮೇಲೆ ಅಂಡಾಶಯ ಬಿಟ್ಟು ಹೋಗ್ಬೇಡ ಮಾರಾಯ್ತಿ, ಗುಂಡಿ ಅಂತ ನನ್ನ ಕೋಟಿಗೆ ಹೊಲ್ಕೊಂಡ್ರೆ ಕಷ್ಟ" ಎಂದು ಗೊಣಗಿದ.

ಪಾಠಕ್ಕೆ ದೊಡ್ಡ ಶತ್ರು ನಾಚಿಕೆ ಅಂದುಕೊಂಡಿದ್ದ ಟೀಚರಿಗೆ, ಅದಕ್ಕಿಂತ ದೊಡ್ಡ ಶತ್ರು 'ಹೊಟ್ಟೆ' ಎಂಬ ಮಾತು ಎಂದು ಗೊತ್ತಾಯಿತು. ನಮ್ಮ ಮಾತಿನಲ್ಲಿ ಹೊಟ್ಟೆಗೆ ಗಡಿಯೇ ಇಲ್ಲ. ಹಸಿಯುವುದೂ ಅದೇ, ಪಕ್ಕದ ಮನೆಯವರು ಉದ್ಧಾರವಾದರೆ ಉರಿಯುವುದೂ ಅದೇ, ದಿನವಿಡೀ ದುಡಿಯುವುದು ಹೊಟ್ಟೆಪಾಡಿಗೆ, ಮಗು ಬೆಳೆಯುವುದೂ ಹೊಟ್ಟೆಯಲ್ಲೇ. ಒಬ್ಬಳು ಹುಡುಗಿ ಎದ್ದು ನಿಂತು, "ಊಟಾನೂ ಹೊಟ್ಟೇಲಿ, ಮಗೂನೂ ಹೊಟ್ಟೇಲಿ ಅಂದ್ರೆ, ಅಮ್ಮ ಬಿಸಿಬಿಸಿ ಉಂಡ್ರೆ ಮಗು ತಲೆ ಸುಡಲ್ವಾ ಟೀಚರ್?" ಎಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ. ಅಂದಿನಿಂದ ಕಾನೂನು ಬಂತು. ಕೋಣೆಯಲ್ಲಿ ಯಾರು 'ಹೊಟ್ಟೆ' ಅಂದರೂ ಟೀಚರು "ಯಾವ ಹೊಟ್ಟೆ?" ಎಂದು ಕೇಳುತ್ತಿದ್ದರು. ಬಟ್ಟೆಯ ಅಂಗವನ್ನು ಮುಟ್ಟಿ ಅದರ ಹೆಸರು ಹೇಳಬೇಕು, ಇಲ್ಲವಾದರೆ ಒಂದು ಹಳೆಯ ಲಂಗದ ಅಂಚು ಪೂರ್ತಿ ಬಿಚ್ಚಬೇಕು. 'ಯೋನಿ' ಎಂಬ ಪದ ಮೊದಲ ಸಲ ಕಪ್ಪುಹಲಗೆಯ ಮೇಲೆ ಬಂದಾಗ ಅರ್ಧ ತರಗತಿ ಮೇಜಿನ ಕೆಳಗೆ ಹೋಗಿತ್ತು. ವರ್ಷ ತಿರುಗುವಷ್ಟರಲ್ಲಿ ಅದು ಅವರಿಗೆ ಗುಂಡಿ ತೂರಿಸುವ ಕಾಜಾ, ಅಸ್ತರು ಅನ್ನುವಷ್ಟೇ ಸಾಮಾನ್ಯ ಪದವಾಯಿತು. ಮೂತ್ರಕ್ಕೊಂದು ದಾರಿ, ಮಲಕ್ಕೊಂದು ದಾರಿ, ಎರಡರ ನಡುವೆ ಮೂರನೆಯದೊಂದು ದಾರಿ ಎಂದು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಿದ್ದರು.

ಇಷ್ಟೆಲ್ಲಕ್ಕೂ ಹೆಡ್‌ಮಿಸ್ ಒಂದು ಷರತ್ತು ಹಾಕಿದ್ದರು. ಅವರು ಕೆಟ್ಟವರಲ್ಲ, ಪುಕ್ಕಲು. ಇಲಿ ಹೋಯಿತೆಂದರೆ ಹುಲಿ ಹೋಯಿತು ಅನ್ನುವ ಜನರ ನಡುವೆ ಶಾಲೆ ನಡೆಸುವವರಿಗೆ ಪುಕ್ಕಲುತನ ತಾನಾಗಿ ಬರುತ್ತದೆ. "ದೊಡ್ಡವರಾದ ಮಕ್ಕಳನ್ನ ಮಾತ್ರ ಕೂರಿಸ್ಕೊಳ್ಳಿ ಟೀಚರ್. ಇನ್ನೂ ಆಗದೇ ಇರೋರಿಗೆ ಯಾಕೆ ಈಗಲೇ?" ಎಂದಿದ್ದರು. ಇಲ್ಲದ್ದಕ್ಕಿಂತ ಇದ್ದದ್ದೇ ವಾಸಿ ಎಂದು ಟೀಚರು ಒಪ್ಪಿದ್ದರು. ಹಾಗಾಗಿ ಏಪ್ರನ್ ಪಾಠದ ದಿನ ಮುಟ್ಟು ಶುರುವಾಗದ ಹುಡುಗಿಯರೆಲ್ಲ ಕರವಸ್ತ್ರ, ಸೂಜಿದಾರ ಹಿಡಿದು ವರಾಂಡಕ್ಕೆ ಹೋಗುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಎತ್ತರದವಳು ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಎತ್ತರ, ಸಪೂರ; ಎಲ್ಲರೂ ಅವಳನ್ನು ಕಡ್ಡಿ ಎನ್ನುತ್ತಿದ್ದರು. ತನಗಿಂತ ಎರಡು ವರ್ಷ ಚಿಕ್ಕವರ ನಡುವೆ ಮೊಣಕಾಲು ಮಡಚಿ ಕೂತು ಅವಳು ಹೊಲಿದ ಕರವಸ್ತ್ರಗಳಿಗೆ ಲೆಕ್ಕವಿಲ್ಲ.

ಒಂದು ಸಂಜೆ ಗಂಟೆ ಹೊಡೆದ ಮೇಲೆ ಕಡ್ಡಿ ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತಳು. "ಟೀಚರ್, ಲಂಗದ ಹುಕ್ಕು ಸ್ವಲ್ಪ ಸರಿಸಿಕೊಡ್ತೀರಾ?"

"ಮೊನ್ನೆ ತಾನೇ ಸರಿಸಿಕೊಟ್ಟೆನಲ್ಲೇ."

ಹುಡುಗಿ ಒಳಗೆ ಬಂದು ನಿಂತಳು. ಟೀಚರು ಟೇಪು ಸುತ್ತಿದರು. ಮಣಿಕಟ್ಟು ಅದೇ ಕಡ್ಡಿ, ಕೊರಳ ಮೂಳೆ ಅದೇ ಕಡ್ಡಿ. ಆದರೆ ಟೇಪಿನ ಕೆಳಗೆ ಹೊಕ್ಕುಳಿನಿಂದ ಇಳಿದು ಗಟ್ಟಿಯಾಗಿ ಏನೋ ಉಬ್ಬಿತ್ತು. ಮೂವತ್ತು ವರ್ಷ ಮೈ ಅಳೆದ ಟೀಚರು ಟೇಪನ್ನು ಇನ್ನೊಮ್ಮೆ ಸುತ್ತಿ ನೋಡಿದರು. ಊರೆಲ್ಲ ಏನು ಅಂದುಕೊಳ್ಳುತ್ತದೋ ಅದನ್ನೇ ಅವರೂ ಒಂದು ಕ್ಷಣ ಅಂದುಕೊಂಡರು.

ಮಾತು ಅವರಿಗಿಂತ ಮೊದಲೇ ಹೊರಟಾಗಿತ್ತು. ಮರುದಿನ ಬೆಳಗ್ಗೆ ಹೆಡ್‌ಮಿಸ್ ಕರೆಸಿ, ಬಾಗಿಲು ಮುಚ್ಚಿ, ದನಿ ಇಳಿಸಿದರು. "ಕಡ್ಡಿಗೆ ಹೊಟ್ಟೆ ಬಂದಿದೆ ಅಂತ ಶಾಲೆಯೆಲ್ಲ ಮಾತಾಡ್ತಿದೆ. ಅವಳಮ್ಮನಿಗೆ ಹೇಳಿಕಳಿಸಿದೀನಿ. ಇವತ್ತೇ ಹೆಸರು ತೆಗೆದು ಕಳಿಸ್ಬಿಡೋಣ. ಇಲ್ಲಾಂದ್ರೆ ಟಿಚ್ ಟೀಚರ ಪಾಠದಿಂದ್ಲೇ ಹುಡುಗಿ ಕೆಟ್ಟಳು ಅಂತಾರೆ, ನಿಮ್ಮ ಪಾಠಾನೂ ನಿಂತೋಗತ್ತೆ."

"ನನ್ನ ಪಾಠಕ್ಕೆ ಅವಳು ಒಂದು ದಿನಾನೂ ಕೂತಿಲ್ಲ ಹೆಡ್‌ಮಿಸ್. ನಾವೇ ಅಲ್ವಾ ಆಚೆ ಕಳಿಸಿದ್ದು?"

ಹೆಡ್‌ಮಿಸ್ ಕನ್ನಡಕ ತೆಗೆದು ಒರೆಸತೊಡಗಿದರು. ಆ ಮಾತು ಆಡಿದ ಮೇಲೆಯೇ ಟೀಚರಿಗೂ ಅದರ ಭಾರ ಗೊತ್ತಾದದ್ದು. ಯಾರಿಗೆ ಇನ್ನೂ ಮುಟ್ಟಾಗಿಲ್ಲವೋ ಅವರಿಗೇ ಕೇಳುವುದು ಹೆಚ್ಚಿರುತ್ತದೆ ಎಂಬಷ್ಟು ಸರಳ ವಿಷಯ ಇಬ್ಬರಿಗೂ ಹೊಳೆದಿರಲಿಲ್ಲ. "ಇವತ್ತೊಂದು ದಿನ ಕೊಡಿ. ನಾನು ಮಗುವನ್ನ ಮಾತಾಡಿಸ್ತೀನಿ" ಎಂದು ಎದ್ದರು.

ಹೊಲಿಗೆ ಕೋಣೆಯಲ್ಲಿ ಕಡ್ಡಿಯನ್ನು ಕೂರಿಸಿ ಟೀಚರು ಸುತ್ತಿ ಬಳಸದೆ ಕೇಳಿದರು. "ನೋವಿದ್ಯಾ?"

"ಹೊಟ್ಟೆನೋವು ಟೀಚರ್."

"ಯಾವ ಹೊಟ್ಟೆ?"

ತರಗತಿಯ ಬೇರೆ ಯಾರನ್ನು ಕೇಳಿದ್ದರೂ ಉತ್ತರ ಥಟ್ಟನೆ ಬರುತ್ತಿತ್ತು. ಇವಳು ಕಣ್ಣು ಕಣ್ಣು ಬಿಟ್ಟಳು. ಟೀಚರು ಏಪ್ರನ್ ತೆಗೆದು ಅವಳ ಕೊರಳಿಗೇ ಹಾಕಿ ಹಿಂದಿನಿಂದ ಗಂಟು ಬಿಗಿದರು. "ತೋರಿಸು, ಎಲ್ಲಿ?" ಹುಡುಗಿಯ ಕೈ ಹಳದಿ ಫ್ಲಾನಲ್ಲನ್ನು ದಾಟಿ ಇಳಿದು, ಕೆಂಪು ಮಖಮಲ್ಲಿನ ಕೆಳಗೆ ನಿಂತಿತು. ಮೊದಮೊದಲು ತಿಂಗಳಿಗೊಮ್ಮೆ ನಾಲ್ಕೈದು ದಿನ ಬಂದು ಹೋಗುತ್ತಿದ್ದ ನೋವು ಈಗ ಹೋಗುವುದೇ ಇಲ್ಲ ಎಂದಳು. ಮೂತ್ರಕ್ಕೆ ಕೂತರೆ ತಿಣುಕಬೇಕು ಎಂದಳು. ಅಮ್ಮ ಬೀದಿ ತಿರುವಿನ ಔಷಧಿ ಅಂಗಡಿಗೆ ಎರಡು ಸಲ ಕರೆದುಕೊಂಡು ಹೋಗಿ "ಹೊಟ್ಟೆನೋವು" ಅಂದಿದ್ದಳು, ಎರಡು ಸಲವೂ ಗ್ಯಾಸಿನ ಮಾತ್ರೆ ಸಿಕ್ಕಿತ್ತು.

"ಯಾರಾದ್ರೂ ನಿನ್ನ ಮುಟ್ಟಿದಾರಾ ಮಗು? ನಿನಗೆ ಬೇಡವಾದ ಹಾಗೆ, ಬೇಕಾದ ಹಾಗೆ, ಹೇಗೇ ಆಗ್ಲಿ. ನಾನು ಬಯ್ಯಲ್ಲ."

"ಇಲ್ಲ ಟೀಚರ್. ಅಮ್ಮನೂ ಅದನ್ನೇ ಕೇಳಿದ್ಲು. ಇಲ್ಲ ಅಂದಿದ್ದಕ್ಕೆ ಹೊಡೆದ್ಲು."

"ಆಯ್ತು. ನಾನು ನಂಬ್ತೀನಿ."

ಹೊಡೆತಕ್ಕೆ ಅಳದಿದ್ದ ಹುಡುಗಿ ಆ ಮಾತಿಗೆ ಅತ್ತುಬಿಟ್ಟಳು. ಅಳು ಮುಗಿಯುವ ತನಕ ಕಾದು ಟೀಚರು ಹೇಳಿದರು: "ನಿನಗೆ ಏನಾಗಿದೆ ಅಂತ ನಂಗೊತ್ತಿಲ್ಲ. ಗೊತ್ತಿರೋರ ಹತ್ರ ಹೋಗೋಣ. ಆದ್ರೆ ಅಲ್ಲಿ ಹೊಟ್ಟೆನೋವು ಅಂದ್ರೆ ಮತ್ತೆ ಅದೇ ಮಾತ್ರೆ. ಬಾ, ಹೆಸರು ಕಲಿ."

ಹೆಸರುಗಳು ನಾಲಿಗೆಗೆ ಹತ್ತುವಷ್ಟರಲ್ಲಿ ತಾಯಿ ಬಂದಳು. ಇಸ್ತ್ರಿ ಅಂಗಡಿಯ ಕೆಲಸದವಳು. ಕಾದ ಪೆಟ್ಟಿಗೆಯನ್ನು ಹಾಗೇ ಬಿಟ್ಟು ಓಡಿ ಬಂದಿದ್ದಳು. ಮಗಳ ಕೊರಳಲ್ಲಿ ಆ ಏಪ್ರನ್ ಕಂಡದ್ದೇ ತಡ, ಅವಳ ತೋಳು ಹಿಡಿದು ಎಳೆದಳು. "ಯಾರು ಅಂತ ಬಾಯಿ ಬಿಟ್ಲಾ ಟೀಚರಮ್ಮ?"

"ಯಾರೂ ಇಲ್ಲ ಅಂತ ಬಾಯಿ ಬಿಟ್ಟಿದಾಳೆ. ಕೇಳಿಸ್ಕೊಳ್ಳಿ."

"ಮೂರು ಹೆತ್ತವಳು ನಾನು! ಬಸುರಿ ಹೊಟ್ಟೆ ಯಾವ್ದು ಅಂತ ನಂಗೆ ಗೊತ್ತಾಗಲ್ವಾ? ಬೆಂಕಿ ಇಲ್ದೆ ಹೊಗೆ ಆಡತ್ತಾ? ಇವರಪ್ಪ ಲಾರಿ ತಗೊಂಡು ಹೋದವರು ಈ ವಾರ ಬರ್ತಾರೆ. ಏನಂತ ಹೇಳ್ಲಿ ನಾನು?"

ಹೆದರಿಕೆ ಅವಳನ್ನು ಹಾಗೆ ಮಾತಾಡಿಸುತ್ತಿತ್ತು. ಟೀಚರಿಗೆ ಅದು ಕಾಣುತ್ತಿತ್ತು. ಆದರೂ ದನಿ ಏರಿಸಿದರು. "ಡಾಕ್ಟರು ಹೇಳಿದ್ದನ್ನ ಹೇಳಿ. ಈಗಲೇ ಹೊರಡಿ, ನಾನೂ ಬರ್ತೀನಿ. ಅಲ್ಲಿ ನಾವಿಬ್ರೂ ಬಾಯಿ ಮುಚ್ಕೊಂಡಿರೋಣ, ಅವಳೇ ಮಾತಾಡ್ಲಿ. ಮೈ ಅವಳದು ತಾನೇ?"

ಬಸ್ಸಿನಲ್ಲಿ ತಾಯಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಕಡ್ಡಿ ಟೀಚರ ಪಕ್ಕ ಕೂತು, ಪರೀಕ್ಷೆಗೆ ಹೋಗುವವಳ ಹಾಗೆ ಪಿಸುಗುಟ್ಟುತ್ತಿದ್ದಳು. "ಮೂತ್ರಚೀಲ, ಗರ್ಭಕೋಶ, ಯೋನಿ." ಮುಂದಿನ ಸೀಟಿನ ಗಂಡಸು ಹಿಂತಿರುಗಿ ನೋಡಿದ. "ಮುಂದೆ ನೋಡಪ್ಪ, ಪಾಠ ನಡೀತಿದೆ" ಎಂದರು ಟೀಚರು.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಬೆಳಗಿನಿಂದ ರೋಗಿಗಳನ್ನು ನೋಡಿ ನೋಡಿ ದಣಿದಿದ್ದರು. ತಲೆಯೆತ್ತದೆ "ಏನು ತೊಂದರೆ?" ಎಂದು ಕೇಳಿದರು. ತಾಯಿ ಅಭ್ಯಾಸಬಲದಿಂದ "ಹೊಟ್ಟೆ..." ಎನ್ನುವಷ್ಟರಲ್ಲಿ ಟೀಚರು ಮೇಜಿನ ಕೆಳಗೆ ಅವಳ ಕಾಲು ತುಳಿದರು.

"ನನಗೆ ಹದಿನೈದು ವರ್ಷ. ಇನ್ನೂ ಮುಟ್ಟು ಶುರುವಾಗಿಲ್ಲ" ಎಂದಳು ಕಡ್ಡಿ. "ತಿಂಗಳು ತಿಂಗಳೂ ಗರ್ಭಕೋಶ ಇರೋ ಜಾಗದಲ್ಲಿ ನೋಯ್ತಿತ್ತು. ಈಗ ಯಾವಾಗ್ಲೂ ನೋಯತ್ತೆ. ಯೋನಿ ಹತ್ರ ಒತ್ತಿದ ಹಾಗಾಗತ್ತೆ. ಮೂತ್ರ ಸರಿಯಾಗಿ ಬರಲ್ಲ. ಯಾರೂ ನನ್ನ ಮುಟ್ಟಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟು, ಕುರ್ಚಿ ಹತ್ತಿರ ಎಳೆದುಕೊಂಡರು. "ಇಷ್ಟು ಸ್ಪಷ್ಟವಾಗಿ ಯಾರೂ ಹೇಳಲ್ಲ ಮರಿ, ಅರ್ಧ ದಿನ ನನಗೆ ಊಹೆ ಮಾಡೋದ್ರಲ್ಲೇ ಹೋಗತ್ತೆ" ಎಂದರು. ಅವಳನ್ನು ಕೇಳಿಕೊಂಡೇ ಪರದೆಯ ಹಿಂದೆ ಪರೀಕ್ಷೆ ಮಾಡಿದರು, ಸ್ಕ್ಯಾನ್ ಮಾಡಿಸಿದರು. ಆಮೇಲೆ ಮೂವರನ್ನೂ ಕೂರಿಸಿ ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಬಸಿರಲ್ಲ. ಮುಟ್ಟು ಶುರುವಾಗಿ ಎಷ್ಟೋ ತಿಂಗಳಾಗಿದೆ. ರಕ್ತ ಹೊರಗೆ ಬರುವ ದಾರಿಗೆ ಅಡ್ಡಲಾಗಿ ಹುಟ್ಟಿನಿಂದಲೇ ತೆಳ್ಳನೆಯ ಪೊರೆಯೊಂದು ಪೂರ್ತಿ ಮುಚ್ಚಿಕೊಂಡಿದೆ, ಬಂದದ್ದೆಲ್ಲ ಒಳಗೇ ತುಂಬಿ ನಿಂತಿದೆ. ಚಿಕ್ಕ ಆಪರೇಷನ್ ಸಾಕು, ಆದರೆ ತಡ ಮಾಡಬಾರದು. ಅವಳಿಂದ ಆದ ತಪ್ಪು ಏನೂ ಇಲ್ಲ.

"ಕಾಜಾ ಸುತ್ತ ಹೊಲಿದು, ನಡುವೆ ಕತ್ತರಿಸೋದನ್ನ ಮರೆತ ಹಾಗೆ" ಎಂದರು ಟೀಚರು, ತಮಗೆ ತಾವೇ.

"ಸರಿಯಾಗಿ ಹೇಳಿದ್ರಿ" ಎಂದು ಡಾಕ್ಟರು ನಕ್ಕರು. ಕಡ್ಡಿಯೂ ನಕ್ಕಳು. ತಾಯಿ ಮಾತ್ರ ಆ ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

ಮರುದಿನವೇ ಆಪರೇಷನ್ ಆಯಿತು. ಟೀಚರು ಆಸ್ಪತ್ರೆಯಿಂದಲೇ ಹೆಡ್‌ಮಿಸ್‌ಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹೆಡ್‌ಮಿಸ್, "ಸ್ಟಾಫ್ ರೂಮಲ್ಲಿ ನಾನೇ ಹೇಳ್ತೀನಿ. ಇನ್ಮೇಲೆ ವರಾಂಡಕ್ಕೆ ಯಾರನ್ನೂ ಕಳಿಸ್ಬೇಡಿ, ಎಲ್ಲರೂ ಕೂರ್ಲಿ" ಎಂದರು. ದನಿಯಲ್ಲಿ ಇನ್ನೂ ಪುಕ್ಕಲುತನವಿತ್ತು. ಆದರೂ ಮಾತು ಕೊಟ್ಟರು, ಆಮೇಲೆ ಅದನ್ನು ನಡೆಸಿಯೂ ಕೊಟ್ಟರು.

ವಾರ್ಡಿನಲ್ಲಿ ಕಡ್ಡಿ ದಿಂಬಿಗೆ ಒರಗಿ ಕೂತಿದ್ದಳು. ನೋವಿಲ್ಲದ ಮುಖ ಎಷ್ಟು ಎಳೆಯದು ಎಂದು ಟೀಚರು ಅವತ್ತೇ ನೋಡಿದ್ದು. ತಾಯಿ ಮಂಚದ ಅಂಚಿನಲ್ಲಿ ಕೂತು, ಮಗಳ ಹೊದಿಕೆಯ ಮಡಿಕೆಯನ್ನು ಕೈಯಿಂದ ತೀಡಿ ತೀಡಿ ಸರಿ ಮಾಡುತ್ತಿದ್ದಳು.

"ಹೊಡೆದುಬಿಟ್ಟೆ ಕಣೇ. ನಂಬ್ಲಿಲ್ಲ ನಿನ್ನ. ಅಮ್ಮನ ತಪ್ಪನ್ನ ಹೊಟ್ಟೆಗೆ ಹಾಕ್ಕೋ."

"ಯಾವ ಹೊಟ್ಟೆಗಮ್ಮ?"

ಟೀಚರು ನಕ್ಕ ರಭಸಕ್ಕೆ ಪಕ್ಕದ ಮಂಚದವರು ಎದ್ದು ಕೂತರು. ತಾಯಿಯೂ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಆಮೇಲೆ ಡಾಕ್ಟರು ಬರೆದುಕೊಟ್ಟಿದ್ದ ಚಿತ್ರವನ್ನು ಎತ್ತಿಕೊಂಡು, ಮೇಲೆ ಕೆಳಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಟೀಚರ ಕಡೆ ನೋಡದೆ ಮೆಲ್ಲಗೆ ಕೇಳಿದಳು.

"ಇದು ನನ್ನ ಮೈಯಲ್ಲಿ ಎಲ್ಲಿದೆ? ಮೂರು ಹೆತ್ತೆ. ಯಾರೂ ತೋರಿಸ್ಲಿಲ್ಲ."

ಟೀಚರು ಉತ್ತರ ಹೇಳಲು ಬಾಯಿ ತೆರೆದವರು ಕಡ್ಡಿಯ ಕಡೆ ಕಣ್ಣು ತೋರಿಸಿದರು. ಕಡ್ಡಿ ಮುಂದಕ್ಕೆ ಬಾಗಿ ಅಮ್ಮನ ಕೈ ಹಿಡಿದುಕೊಂಡಳು. ಇಸ್ತ್ರಿ ಪೆಟ್ಟಿಗೆಯ ಸುಟ್ಟ ಗೆರೆಗಳಿದ್ದ ಆ ಕೈಯನ್ನು ಅಮ್ಮನ ಮೈಮೇಲೆಯೇ ಇಟ್ಟು, ಹೊಕ್ಕುಳಿನಿಂದ ಮೆಲ್ಲಗೆ ಕೆಳಗೆ ಸರಿಸಿದಳು.

"ಅಷ್ಟು ಮೇಲಲ್ಲಮ್ಮ. ಇಲ್ಲಿ. ನಾನು ಇದ್ದದ್ದು ಇಲ್ಲಿ."

ಅಮ್ಮ ಕೈ ತೆಗೆಯಲಿಲ್ಲ.