ಪತ್ರದಲ್ಲಿ ಬಿಟ್ಟ ಟಿವಿ

ತೊಂಬತ್ತರ ದಶಕದಲ್ಲಿ ನಾವು ಮರಾಠಿ ಸೀಮೆಯ ಬಿಬವೇವಾಡಿಯಲ್ಲಿದ್ದಾಗ, ನಮ್ಮಲ್ಲಿ ಭಾಂಡೆ ತಿಕ್ಕುತ್ತಿದ್ದಾಕೆಯ ಮಗಳ ಶಾಲೆಯ ಖರ್ಚನ್ನು ಪರದೇಶದ ಒಬ್ಬ ಅಜ್ಜಿ ನೋಡಿಕೊಳ್ಳುತ್ತಿದ್ದರು. ಒಂದು ಸಂಸ್ಥೆಯ ಮೂಲಕ ಬರುತ್ತಿದ್ದ ನೆರವು ಅದು. ವರ್ಷಕ್ಕೆರಡು ಸಲ ಹುಡುಗಿ ಅವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕು. ತಾಯಿ-ಮಗಳು ವಿಜಾಪುರದ ಕಡೆಯವರು; ಹುಡುಗಿ ಕನ್ನಡದಲ್ಲಿ ಹೇಳುವಳು, ನಾನು ಬರೆಯುವೆ. ಕಾನ್ವೆಂಟಿನ ಸಿಸ್ಟರುಗಳು ಗೆಣ್ಣಿಗೆ ಹೊಡೆದು ತಿದ್ದಿದ ನನ್ನ ಅಕ್ಷರ ಇಷ್ಟಕ್ಕಾದರೂ ಬಂತಲ್ಲ ಎಂದು ಖುಷಿ.

ಆ ಸಲ ಅವಳು ಕೂತದ್ದೇ, "ಅವ್ವ ಬಣ್ಣದ ಟಿವಿ ತಂದಾಳ್ರಿ. ಅದನ್ನ ಮೊದಲ ಬರೀರಿ," ಎಂದಳು.

ನನ್ನ ಪೆನ್ನು ನಿಂತಿತು. ಟಿವಿ ಇದ್ದವರಿಗೆ ನೆರವು ಯಾಕೆ ಅಂತ ಅಜ್ಜಿ ಕೈಬಿಟ್ಟರೆ? ಹುಡುಗಿಯ ಶಾಲೆ ಅಲ್ಲಿಗೇ ಮುಗಿಯಿತು. ಟಿವಿ ಬಿಟ್ಟು ಮಳೆ, ಅಭ್ಯಾಸ, ಗೆಳತಿಯರು ಎಲ್ಲ ಚೆಂದಾಗಿ ಬರೆದೆ.

ಅವಳು ಕಾಗದ ಇಸಿದುಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದಳು. ಇಂಗ್ಲಿಷ್ ಬಾರದು, ಆದರೆ ಟಿವಿ ಅಂಗಡಿ ಬೋರ್ಡಿನ ಆ ಎರಡು ದೊಡ್ಡ ಅಕ್ಷರ ಮಾತ್ರ ಚೆನ್ನಾಗಿ ಗೊತ್ತು.

"ಬಾಯಾರ, ಟಿವಿ ಎಲ್ಲಿ ಅದ?"

ನಾಚಿಕೆಯಾಯಿತು. ಬಿಟ್ಟದ್ದು ಯಾಕೆಂದು ಅವಳ ತಾಯಿಗೇ ಹೇಳಿದೆ. ಆಕೆ ಸಾಬೂನಿನ ಕೈ ಸೆರಗಿಗೆ ಒರೆಸಿಕೊಂಡಳು.

"ಎರಡ ಮನಿ ಕೆಲಸ ಹೆಚ್ಚಿಗಿ ಹಿಡದು ತಗೊಂಡೀನ್ರಿ. ಕದ್ದದ್ದೇನಲ್ಲ. ಬರೀರಿ."

ಬೇರೆ ಹಾಳೆ ತೆಗೆದುಕೊಂಡು ಬರೆದೆ. ಉತ್ತರ ಬರುವತನಕ ಅವರಿಬ್ಬರೂ ಆರಾಮ ಇದ್ದರು, ನನಗೇ ಸಮಾಧಾನವಿಲ್ಲ. ಕಡೆಗೊಂದು ದಿನ ಹುಡುಗಿ ಲಕೋಟೆ ತಂದುಕೊಟ್ಟಾಗ ನಿಂತಲ್ಲೇ ಹರಿದು ಓದಿ ಹೇಳಿದೆ.

ಅವ್ವನ ದುಡಿಮೆಯನ್ನು ಅಜ್ಜಿ ಬಾಯಿತುಂಬ ಹೊಗಳಿದ್ದರು. ಮುಂದಿನ ವರ್ಷದ ಪುಸ್ತಕಗಳಿಗೆ ಹಣ ಕಳಿಸುವ ಮಾತೂ ಇತ್ತು. ಸಂಜೆ ಏನು ನೋಡುತ್ತೀ ಎಂದು ಕೇಳಿ ತಮ್ಮ ಟಿವಿಯ ಫೋಟೊ ಇಟ್ಟಿದ್ದರು. ಅದರ ಮೇಲೆ ಕೈಯಿಂದ ಹೆಣೆದ ಕ್ರೋಶಾದ ಹೊದಿಕೆ. ಒಂದು ಮೂಲೆಯ ದಾರ ಬಿಚ್ಚಿತ್ತು, ಥೇಟ್ ನಮ್ಮ ಮನೆಯದರಂತೆ. ಎಲ್ಲಿಯೋ ಕೂತ ಆ ಜೀವಕ್ಕೆ ಅಡುಗೆಮನೆಯಲ್ಲೇ ಕೈಮುಗಿದೆ.

ಹುಡುಗಿ ಫೋಟೊ ಕಿಟಕಿಯ ಬೆಳಕಿಗೆ ಹಿಡಿದಳು. "ಪಾಪ, ಅಜ್ಜಿದು ಭಾಳ ಸಣ್ಣದ ಅದ್ರಿ. ನಮ್ಮನಿಗೆ ನೋಡಾಕ ಬರ್ರಿ ಅಂತ ಬರೀರಿ."

"ಬರಲಿ," ಎಂದಳು ತಾಯಿ ಭಾಂಡೆ ತಿಕ್ಕುವ ಮೋರಿಯ ಕಡೆಯಿಂದ, "ನಾ ಸೀರಿಯಲ್ ನೋಡೂ ಹೊತ್ತಿಗಿ ಮಾತ್ರ ಚಾನೆಲ್ ಬದಲಸಬಾರದು ಅಂತ ಹೇಳ್ರಿ."

ಅದನ್ನೂ ಬರೆದೆ. ಆ ಸಲ ಒಂದು ಮಾತೂ ಬಿಡಲಿಲ್ಲ.